ಬೇಸ್‌ಬಾಲ್ ಪ್ರಶ್ನೋತ್ತರ: ಸೀಸನ್ ನಡುವೆ ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಬಿಟ್ಟುಕೊಡಬೇಕು?

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನ ಆಟಗಾರರ ವಿನಿಮಯಕ್ಕೆ ಸಂಬಂಧಿಸಿದವು. ಆದ್ದರಿಂದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟು, ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಲಾಗಿದೆ.

ಪ್ರಶ್ನೆ: ಪ್ರತಿ ವರ್ಷ ಜುಲೈ ಕೊನೆಯ ಹೊತ್ತಿಗೆ ಚೆನ್ನಾಗಿ ಆಡುತ್ತಿರುವವರನ್ನೇ ಕೆಲವು ತಂಡಗಳು ಎದುರಾಳಿಗಳಿಗೆ ಕೊಟ್ಟುಬಿಡುತ್ತವೆ. ಕಳಪೆ ಆಟಗಾರರನ್ನು ಇಟ್ಟುಕೊಂಡು ಒಳ್ಳೆಯವರನ್ನು ಕಳುಹಿಸುವುದರಲ್ಲಿ ಯಾವ ಜಾಣತನವಿದೆ?

ಉತ್ತರ: ಕಳಪೆಯಾಗಿ ಆಡುವವರನ್ನು ಕೊಡಲು ಎಲ್ಲರೂ ಸಿದ್ಧ, ಪಡೆಯಲು ಯಾರೂ ಸಿದ್ಧರಿಲ್ಲ, ಮೊದಲ ತೊಡಕು ಅದು. ಅದಕ್ಕಿಂತ ಮುಖ್ಯವಾದುದು, ಆಟಗಾರ ಎಷ್ಟು ಒಳ್ಳೆಯವನು ಎಂಬುದರ ಜೊತೆಗೆ ಅವನು ಇನ್ನೆಷ್ಟು ಕಾಲ ತಮ್ಮವನಾಗಿರುತ್ತಾನೆ ಎಂಬುದನ್ನು ತಂಡಗಳು ಲೆಕ್ಕ ಹಾಕುತ್ತವೆ ಎಂಬ ಸಂಗತಿ. ಮೇಜರ್ ಲೀಗ್‌ನಲ್ಲಿ 172 ದಿನಗಳ ಸೇವೆಯನ್ನು ಒಂದು ವರ್ಷವೆಂದು ಪರಿಗಣಿಸುತ್ತಾರೆ. ಅಂತಹ ಆರು ವರ್ಷ ತುಂಬುವವರೆಗೆ ಆಟಗಾರನು ತನ್ನ ತಂಡದ ಹಿಡಿತದಲ್ಲಿಯೇ ಇರಬೇಕು. ಮೊದಲ ಮೂರು ವರ್ಷ ಅವನ ಸಂಬಳ ಸಾಮಾನ್ಯವಾಗಿ ಕನಿಷ್ಠ ಮಟ್ಟದ ಆಸುಪಾಸಿನಲ್ಲಿರುತ್ತದೆ. 2025ರಲ್ಲಿ ಆ ಕನಿಷ್ಠ ಮೊತ್ತ 7,60,000 ಡಾಲರ್ ಆಗಿತ್ತು. ಮುಂದಿನ ಮೂರು ವರ್ಷಗಳಲ್ಲಿ ಎರಡೂ ಕಡೆಯವರು ಒಪ್ಪದಿದ್ದರೆ ಮಧ್ಯಸ್ಥಗಾರರು ಸಂಬಳ ನಿರ್ಧರಿಸುತ್ತಾರೆ. ಆರು ವರ್ಷ ಮುಗಿದು, ಒಪ್ಪಂದವೂ ಮುಗಿದಿದ್ದರೆ, ಆಟಗಾರ ಫ್ರೀ ಏಜೆಂಟ್ ಆಗಿ ತನಗೆ ಬೇಕಾದ ತಂಡವನ್ನು ಸೇರಿಕೊಳ್ಳಬಹುದು.

ಹೀಗಿರುವಾಗ ಒಂದೇ ತಂಡದ ಇಬ್ಬರು ಪಿಚರ್‌ಗಳು (ಬ್ಯಾಟರ್‌ಗೆ ಚೆಂಡು ಎಸೆಯುವವರು) ಸರಿಸಮನಾಗಿ ಆಡುತ್ತಿದ್ದರೂ ಒಬ್ಬನನ್ನು ಬಿಡುವುದು ಸರಿ, ಇನ್ನೊಬ್ಬನನ್ನು ಬಿಡುವುದು ತಪ್ಪು ಎಂದಾಗಬಹುದು. 2024ರ ಡೆಟ್ರಾಯಿಟ್ ಟೈಗರ್ಸ್ ತಂಡವನ್ನು ನೋಡಿ. ಆ ವರ್ಷ ವಿನಿಮಯಕ್ಕೆ ಕೊನೆಯ ದಿನವಾಗಿದ್ದ ಜುಲೈ 30ರ ಗಡುವಿನ ವೇಳೆಗೆ ಆ ತಂಡ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಅದರ ಬಳಿ ಬೇಡಿಕೆಯಿದ್ದ ಇಬ್ಬರು ಪಿಚರ್‌ಗಳಿದ್ದರು. ಜ್ಯಾಕ್ ಫ್ಲಾಹರ್ಟಿಯದು ಒಂದೇ ವರ್ಷದ ಒಪ್ಪಂದ. ಅಕ್ಟೋಬರ್ ಕಳೆದರೆ ಅವನು ಸ್ವತಂತ್ರ. ತಾರಿಕ್ ಸ್ಕೂಬಲ್ ಮೇಲಿನ ಹಕ್ಕು 2026ರ ಕೊನೆಯವರೆಗೂ ಇತ್ತು. ಟೈಗರ್ಸ್ ಆಡಳಿತ ಫ್ಲಾಹರ್ಟಿಯನ್ನು ಲಾಸ್ ಏಂಜಲೀಸ್ ಡಾಡ್ಜರ್ಸ್‌ಗೆ ಕೊಟ್ಟು ಥೈರಾನ್ ಲಿರಾಂಜೊ ಮತ್ತು ಟ್ರೇ ಸ್ವೀನಿ ಎಂಬ ಇಬ್ಬರು ಕಿರಿಯರನ್ನು ಪಡೆಯಿತು. ಸ್ಕೂಬಲ್ ಬಗ್ಗೆ ಎಷ್ಟೇ ವದಂತಿ ಹಬ್ಬಿದರೂ ಅವನನ್ನು ಬಿಡಲಿಲ್ಲ. ಆಮೇಲೆ ನಡೆದದ್ದು ಯಾರೂ ನಿರೀಕ್ಷಿಸಿರದ ಸಂಗತಿ. ಸೋತು ಸುಣ್ಣವಾಗಿದ್ದ ತಂಡ ಆಗಸ್ಟ್ ಮಧ್ಯದಿಂದ ಗೆಲ್ಲುತ್ತಾ ಹೋಗಿ, 86 ಗೆಲುವುಗಳೊಂದಿಗೆ ಪ್ಲೇಆಫ್ ತಲುಪಿತು. ಸ್ಕೂಬಲ್ 18 ಗೆಲುವು, 4 ಸೋಲುಗಳೊಂದಿಗೆ ಮೇಜರ್ ಲೀಗ್‌ನ ಎರಡು ಭಾಗಗಳಾದ ಅಮೆರಿಕನ್ ಮತ್ತು ನ್ಯಾಷನಲ್ ಲೀಗ್‌ಗಳ ಪೈಕಿ ಅಮೆರಿಕನ್ ಲೀಗ್‌ನ ಸೈ ಯಂಗ್ ಪ್ರಶಸ್ತಿಯನ್ನು, ಅಂದರೆ ಶ್ರೇಷ್ಠ ಪಿಚರ್ ಪ್ರಶಸ್ತಿಯನ್ನು, ಸರ್ವಾನುಮತದಿಂದ ಪಡೆದನು. ಸ್ವೀನಿ ಋತುವಿನ ಕೊನೆಯ ವಾರಗಳಲ್ಲಿ ಟೈಗರ್ಸ್‌ನ ಶಾರ್ಟ್‌ಸ್ಟಾಪ್ (ಎರಡನೆಯ ಮತ್ತು ಮೂರನೆಯ ಬೇಸ್ ನಡುವಿನ ಫೀಲ್ಡರ್) ಆಗಿ ಆಡಿದನು. ಫ್ಲಾಹರ್ಟಿ ಡಾಡ್ಜರ್ಸ್ ಜೊತೆ ವರ್ಲ್ಡ್ ಸೀರೀಸ್ (ಎರಡೂ ಲೀಗ್‌ಗಳ ವಿಜೇತರ ನಡುವಿನ ಅಂತಿಮ ಸರಣಿ) ಗೆದ್ದು, 2025ರ ಆರಂಭದಲ್ಲಿ ಮತ್ತೆ ಟೈಗರ್ಸ್ ಜೊತೆಯೇ ಒಪ್ಪಂದ ಮಾಡಿಕೊಂಡನು. ‘ಮಾರುವವರು’ ಮತ್ತು ‘ಕೊಳ್ಳುವವರು’ ಎಂದು ಪತ್ರಿಕೆಗಳು ತಂಡಗಳನ್ನು ಎರಡು ಸಾಲಿನಲ್ಲಿ ನಿಲ್ಲಿಸುತ್ತವಲ್ಲ, ಅದು ಓದಲು ಸುಲಭ. ಆದರೆ ನಿರ್ಧಾರವನ್ನು ತೆಗೆದುಕೊಳ್ಳಬೇಕಾದದ್ದು ಒಬ್ಬೊಬ್ಬ ಆಟಗಾರನ ಲೆಕ್ಕದಲ್ಲಿ.

ಪ್ರಶ್ನೆ: ಹಾಗಿದ್ದರೂ ತಂಡ ಈ ವರ್ಷ ಗೆಲ್ಲುತ್ತದೆಯೋ ಇಲ್ಲವೋ ಎಂಬುದನ್ನು ಮೊದಲು ತೀರ್ಮಾನಿಸಬೇಕಲ್ಲವೇ? 162 ಪಂದ್ಯಗಳಲ್ಲಿ ಇನ್ನೂ 50ಕ್ಕೂ ಹೆಚ್ಚು ಬಾಕಿ ಇರುವಾಗ ಅದನ್ನು ಹೇಗೆ ಹೇಳಲು ಸಾಧ್ಯ?

ಉತ್ತರ: ಖಚಿತವಾಗಿ ಹೇಳಲು ಬರುವುದಿಲ್ಲ, ಅಂಕಪಟ್ಟಿಯನ್ನು ಮಾತ್ರ ನೋಡಿದರೆ ಇನ್ನೂ ಬರುವುದಿಲ್ಲ. ಅನುಭವಿ ಆಡಳಿತಗಾರರು ಮೊದಲು ನೋಡುವುದು ತಂಡ ಗಳಿಸಿದ ರನ್‌ಗಳನ್ನು ಮತ್ತು ಬಿಟ್ಟುಕೊಟ್ಟ ರನ್‌ಗಳನ್ನು. ಬಿಲ್ ಜೇಮ್ಸ್ ಎಂಬ ವಿಶ್ಲೇಷಕರು ರೂಪಿಸಿದ ಸರಳ ಸೂತ್ರವೊಂದಿದೆ: ಗಳಿಸಿದ ರನ್‌ಗಳ ವರ್ಗವನ್ನು, ಎರಡೂ ಸಂಖ್ಯೆಗಳ ವರ್ಗಗಳ ಮೊತ್ತದಿಂದ ಭಾಗಿಸಬೇಕು. ಒಂದು ತಂಡ 100 ಪಂದ್ಯಗಳಲ್ಲಿ 500 ರನ್ ಗಳಿಸಿ 450 ರನ್ ಬಿಟ್ಟುಕೊಟ್ಟಿದೆ ಎಂದುಕೊಳ್ಳಿ. 2,50,000ವನ್ನು 4,52,500ರಿಂದ ಭಾಗಿಸಿದರೆ ಸುಮಾರು 0.55 ಬರುತ್ತದೆ, ಅಂದರೆ ಆ ತಂಡ 55 ಪಂದ್ಯ ಗೆದ್ದಿರಬೇಕಿತ್ತು. ಅದು 48 ಮಾತ್ರ ಗೆದ್ದಿದ್ದರೆ ಒಂದು ರನ್ ಅಂತರದ ಪಂದ್ಯಗಳನ್ನು ಹೆಚ್ಚಾಗಿ ಕಳೆದುಕೊಂಡಿರುವ ಸಾಧ್ಯತೆಯಿದೆ, ಮತ್ತು ಅಂತಹ ದುರದೃಷ್ಟ ಹೀಗೇ ಮುಂದುವರಿಯುತ್ತದೆ ಎಂದು ನಂಬಲು ಕಾರಣವಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ಬಿಟ್ಟುಕೊಟ್ಟ ರನ್‌ಗಳೇ ಹೆಚ್ಚಿದ್ದೂ ಪಟ್ಟಿಯಲ್ಲಿ ಮೇಲಿರುವ ತಂಡ ಭವಿಷ್ಯದ ಆಟಗಾರರನ್ನು ಪಣಕ್ಕಿಡುವ ಮುನ್ನ ಎರಡು ಬಾರಿ ಯೋಚಿಸಬೇಕು.

2021ರ ಅಟ್ಲಾಂಟಾ ಬ್ರೇವ್ಸ್ ಇದಕ್ಕೆ ತಕ್ಕ ಉದಾಹರಣೆ. ಜುಲೈ 10ರಂದು ಅವರ ಅತ್ಯುತ್ತಮ ಆಟಗಾರ ರೊನಾಲ್ಡ್ ಅಕುನ್ಯಾ ಜೂನಿಯರ್ ಮೊಣಕಾಲಿನ ಅಸ್ಥಿರಜ್ಜು ಹರಿದುಕೊಂಡು ಆ ವರ್ಷದ ಆಟದಿಂದಲೇ ಹೊರಬಿದ್ದನು. ಗೆಲುವು ಸೋಲುಗಳು ಹೆಚ್ಚುಕಡಿಮೆ ಸಮವಾಗಿದ್ದವು. ಕೈಚೆಲ್ಲಲು ಅದಕ್ಕಿಂತ ಒಳ್ಳೆಯ ನೆಪ ಬೇಕಿರಲಿಲ್ಲ. ಆದರೆ ಗಳಿಸಿದ ರನ್‌ಗಳು ಬಿಟ್ಟುಕೊಟ್ಟವಕ್ಕಿಂತ ಹೆಚ್ಚೇ ಇದ್ದವು, ತಮ್ಮ ಡಿವಿಷನ್‌ನಲ್ಲಿ (ಲೀಗ್‌ನೊಳಗಿನ ಗುಂಪಿನಲ್ಲಿ) ಬೇರೆ ಯಾವ ತಂಡವೂ ತೀರಾ ಮುಂದೆ ಹೋಗಿರಲಿಲ್ಲ. ಬ್ರೇವ್ಸ್ ಆಡಳಿತ ಜಾಕ್ ಪೀಡರ್‌ಸನ್, ಆಡಮ್ ಡುವಾಲ್, ಹೋರ್ಹೆ ಸೊಲೆರ್, ಎಡ್ಡಿ ರೊಸಾರಿಯೊ ಎಂಬ ನಾಲ್ವರು ಔಟ್‌ಫೀಲ್ಡರ್‌ಗಳನ್ನು, ತನ್ನ ಮುಖ್ಯ ಕಿರಿಯರಲ್ಲಿ ಯಾರನ್ನೂ ಕಳೆದುಕೊಳ್ಳದೆ, ತಂದಿತು. ನ್ಯಾಷನಲ್ ಲೀಗ್ ಅಂತಿಮ ಸರಣಿಯ ಶ್ರೇಷ್ಠ ಆಟಗಾರ ರೊಸಾರಿಯೊ, ವರ್ಲ್ಡ್ ಸೀರೀಸ್‌ನ ಶ್ರೇಷ್ಠ ಆಟಗಾರ ಸೊಲೆರ್. ಪ್ರಶಸ್ತಿ ಗೆದ್ದ ಆ ತಂಡ ನಿಯತ ಋತುವಿನಲ್ಲಿ ಗೆದ್ದದ್ದು 88 ಪಂದ್ಯಗಳನ್ನಷ್ಟೇ.

ಇನ್ನೊಂದು ಅಂಶವನ್ನು ಅಭಿಮಾನಿಗಳು ಮರೆಯುತ್ತಾರೆ. 2022ರಿಂದ ಪ್ರತಿ ಲೀಗ್‌ನಿಂದ ಆರು ತಂಡಗಳು ಪ್ಲೇಆಫ್‌ಗೆ ಹೋಗುತ್ತವೆ: ಮೂರು ಡಿವಿಷನ್ ವಿಜೇತರು, ಮೂರು ವೈಲ್ಡ್ ಕಾರ್ಡ್ ತಂಡಗಳು (ಉಳಿದವುಗಳಲ್ಲಿ ಹೆಚ್ಚು ಗೆದ್ದವು). ಮೊದಲ ಇಬ್ಬರು ವಿಜೇತರಿಗೆ ಮೊದಲ ಸುತ್ತು ಆಡಬೇಕಾಗಿಲ್ಲ. ಉಳಿದ ನಾಲ್ವರು ಮೂರು ಪಂದ್ಯಗಳ ಸಣ್ಣ ಸರಣಿಯಲ್ಲಿ ಸೆಣಸಬೇಕು. ಬಾಗಿಲು ಅಗಲವಾಗಿರುವುದರಿಂದ ಜುಲೈ ಕೊನೆಯಲ್ಲಿ ನಾಲ್ಕೈದು ಪಂದ್ಯ ಹಿಂದಿರುವ ತಂಡವೂ ಆಸೆ ಇಟ್ಟುಕೊಳ್ಳಬಹುದು, ನಿಜ. ಆದರೆ ಮೂರನೆಯ ವೈಲ್ಡ್ ಕಾರ್ಡ್ ಸ್ಥಾನವೆಂದರೆ ಮೂರೂ ಪಂದ್ಯಗಳನ್ನು ಎದುರಾಳಿಯ ಮೈದಾನದಲ್ಲಿ ಆಡುವ ಅವಕಾಶ, ಅಷ್ಟೇ. ಅದಕ್ಕಾಗಿ ಮುಂದಿನ ಆರು ವರ್ಷ ಆಡಬಲ್ಲ ಹುಡುಗನನ್ನು ಕೊಡುವುದು ದುಬಾರಿ ವ್ಯವಹಾರ ಎಂದೇ ನನ್ನ ಅಭಿಪ್ರಾಯ.

ಪ್ರಶ್ನೆ: 2023ರಲ್ಲಿ ಏಂಜಲ್ಸ್ ತಂಡ ಶೋಹೆ ಒಹ್ತಾನಿಯನ್ನು ಬಿಟ್ಟುಕೊಡದೆ ಇದ್ದದ್ದು ತಪ್ಪೇ?

ಉತ್ತರ: ಘಟನೆ ಮುಗಿದ ಮೇಲೆ ತಪ್ಪು ಎನ್ನುವುದು ಸುಲಭ, ಆದ್ದರಿಂದ ಅಂದಿನ ಸ್ಥಿತಿಯನ್ನೇ ನೋಡೋಣ. ಒಹ್ತಾನಿಯ ಮೇಲಿನ ಹಕ್ಕು ಆ ವರ್ಷದ ಕೊನೆಗೆ ಮುಗಿಯುವುದಿತ್ತು. ತಂಡ ಗೆಲುವುಗಳ ಲೆಕ್ಕದಲ್ಲಿ ಸೋಲುಗಳಿಗಿಂತ ಸ್ವಲ್ಪ ಮೇಲಿತ್ತು, 2014ರ ನಂತರ ಅದು ಪ್ಲೇಆಫ್ ಕಂಡಿರಲಿಲ್ಲ. ಬ್ಯಾಟಿಂಗ್ ಮತ್ತು ಪಿಚಿಂಗ್ ಎರಡರಲ್ಲೂ ಲೀಗ್‌ನ ಮೊದಲ ಸಾಲಿನಲ್ಲಿದ್ದ ಆಟಗಾರನನ್ನು ಕಳುಹಿಸಿದರೆ ಅವನು ಮತ್ತೆ ಒಪ್ಪಂದಕ್ಕೆ ಬರುವ ಆಸೆಯೂ ಕ್ಷೀಣಿಸುತ್ತಿತ್ತು. ಉಳಿಸಿಕೊಂಡದ್ದನ್ನು ಸಮರ್ಥಿಸಲು ಇಷ್ಟು ಸಾಕು. ನಾನು ಅದನ್ನು ಗುರುತರ ತಪ್ಪು ಎನ್ನಲಾರೆ.

ತಪ್ಪಾದದ್ದು ಅದರ ಪಕ್ಕದಲ್ಲಿ. ಒಹ್ತಾನಿಯನ್ನು ಉಳಿಸಿಕೊಂಡ ಮೇಲೆ ಆ ನಿರ್ಧಾರವನ್ನು ಸಾರ್ಥಕಗೊಳಿಸಲೇಬೇಕೆಂಬ ಹಠದಲ್ಲಿ ಏಂಜಲ್ಸ್ ಆಡಳಿತ ಚಿಕಾಗೊ ವೈಟ್ ಸಾಕ್ಸ್‌ನಿಂದ ಲ್ಯೂಕಸ್ ಜಿಯೊಲಿಟೊ ಮತ್ತು ರೆನಾಲ್ಡೊ ಲೋಪೆಸ್ ಎಂಬ ಇಬ್ಬರು ಪಿಚರ್‌ಗಳನ್ನು ತಂದಿತು. ಇಬ್ಬರದೂ ಅದೇ ವರ್ಷ ಮುಗಿಯುವ ಒಪ್ಪಂದ. ಬದಲಿಗೆ ಕೊಟ್ಟದ್ದು ಕ್ಯಾಚರ್ ಎಡ್ಗರ್ ಕ್ವೆರೊ ಮತ್ತು ಪಿಚರ್ ಕೈ ಬುಷ್ ಎಂಬ ಕಿರಿಯರನ್ನು. ಆಗಸ್ಟ್‌ನಲ್ಲಿ ತಂಡ 8 ಪಂದ್ಯ ಗೆದ್ದು 19 ಸೋತಿತು. ಆಗಸ್ಟ್ 23ರಂದು ಒಹ್ತಾನಿಯ ಮೊಣಕೈ ಅಸ್ಥಿರಜ್ಜಿಗೆ ಗಾಯವಾದದ್ದು ತಿಳಿದುಬಂತು. ತಿಂಗಳ ಕೊನೆಗೆ ಸಂಬಳದ ಹೊರೆ ಇಳಿಸಲು ಜಿಯೊಲಿಟೊ ಮತ್ತು ಲೋಪೆಸ್ ಇಬ್ಬರನ್ನೂ ವೇವರ್ ಪಟ್ಟಿಗೆ, ಅಂದರೆ ಬೇರೆ ತಂಡಗಳು ಸಂಬಳದ ಹೊಣೆ ಹೊತ್ತು ಎತ್ತಿಕೊಳ್ಳಬಹುದಾದವರ ಪಟ್ಟಿಗೆ, ಹಾಕಲಾಯಿತು. ಕ್ಲೀವ್‌ಲ್ಯಾಂಡ್ ತಂಡ ಏನನ್ನೂ ಕೊಡದೆ ಅವರನ್ನು ಎತ್ತಿಕೊಂಡಿತು. ಏಂಜಲ್ಸ್ 73 ಗೆಲುವು, 89 ಸೋಲುಗಳೊಂದಿಗೆ ಋತು ಮುಗಿಸಿತು. ಡಿಸೆಂಬರ್‌ನಲ್ಲಿ ಒಹ್ತಾನಿ ಡಾಡ್ಜರ್ಸ್ ಜೊತೆ 10 ವರ್ಷಗಳ, 70 ಕೋಟಿ ಡಾಲರ್‌ಗಳ ಒಪ್ಪಂದಕ್ಕೆ ಸಹಿ ಹಾಕಿದನು; ಏಂಜಲ್ಸ್‌ಗೆ ದಕ್ಕಿದ್ದು ಪರಿಹಾರವಾಗಿ ಒಂದು ಡ್ರಾಫ್ಟ್ ಆಯ್ಕೆ (ಹೊಸ ಆಟಗಾರನನ್ನು ಸರದಿಯಲ್ಲಿ ಆರಿಸಿಕೊಳ್ಳುವ ಹಕ್ಕು) ಮಾತ್ರ. ಒಬ್ಬ ಆಟಗಾರನನ್ನು ಉಳಿಸಿಕೊಳ್ಳುವ ತೀರ್ಮಾನ ಬೇರೆ, ಆ ತೀರ್ಮಾನದ ಮೇಲೆ ಇನ್ನಷ್ಟು ಬಂಡವಾಳ ಸುರಿಯುವ ತೀರ್ಮಾನ ಬೇರೆ. ಎರಡನೆಯದನ್ನು ಪ್ರತ್ಯೇಕವಾಗಿ ತೂಗಬೇಕಿತ್ತು.

ಇದಕ್ಕೆ ಎದುರಾಗಿ ವಾಷಿಂಗ್ಟನ್ ನ್ಯಾಷನಲ್ಸ್ 2022ರಲ್ಲಿ ಹ್ವಾನ್ ಸೋಟೊ ವಿಷಯದಲ್ಲಿ ನಡೆದುಕೊಂಡ ರೀತಿಯನ್ನು ಇಟ್ಟು ನೋಡಿ. 15 ವರ್ಷಗಳ, 44 ಕೋಟಿ ಡಾಲರ್‌ಗಳ ಕೊಡುಗೆಯನ್ನು ಅವನು ನಿರಾಕರಿಸಿದ ಮೇಲೆ, ಹಕ್ಕು ಇನ್ನೂ ಎರಡೂವರೆ ಋತುಗಳಷ್ಟು ಉಳಿದಿರುವಾಗಲೇ ಅವನನ್ನು ಸ್ಯಾನ್ ಡಿಯೆಗೊ ಪಾಡ್ರೆಸ್‌ಗೆ ಕೊಟ್ಟರು. ಬಂದವರಲ್ಲಿ ಸಿ.ಜೆ. ಏಬ್ರಮ್ಸ್, ಮೆಕೆಂಜಿ ಗೋರ್, ಜೇಮ್ಸ್ ವುಡ್ ಮೂವರೂ ಮುಂದೆ ಆಲ್‌ಸ್ಟಾರ್ (ಲೀಗ್‌ನ ವಾರ್ಷಿಕ ಗಣ್ಯರ ಪಂದ್ಯಕ್ಕೆ ಆಯ್ಕೆಯಾದವರು) ಆದರು. ಹಕ್ಕಿನ ಅವಧಿ ಹೆಚ್ಚಿದ್ದಷ್ಟೂ ಬೆಲೆ ಹೆಚ್ಚು ಎಂಬುದು ಇಲ್ಲಿ ಸ್ಪಷ್ಟ. ಆದರೂ ನ್ಯಾಷನಲ್ಸ್ ನಂತರದ ಮೂರು ವರ್ಷವೂ ಸೋಲುಗಳ ಸಾಲಿನಲ್ಲೇ ಉಳಿಯಿತು; ಒಳ್ಳೆಯ ವಿನಿಮಯ ಒಂದೇ ತಂಡವನ್ನು ಕಟ್ಟಿಕೊಡುವುದಿಲ್ಲ.

ಪ್ರಶ್ನೆ: ಗೆಳೆಯರೊಂದಿಗೆ ಫ್ಯಾಂಟಸಿ ಬೇಸ್‌ಬಾಲ್ (ನಿಜ ಆಟಗಾರರ ಅಂಕಿಅಂಶಗಳ ಮೇಲೆ ನಡೆಯುವ ಕಾಲ್ಪನಿಕ ತಂಡಗಳ ಆಟ) ಆಡುತ್ತೇನೆ, ನಮ್ಮ ಲೀಗ್‌ನಲ್ಲಿ ಕೆಲವು ಆಟಗಾರರನ್ನು ಮುಂದಿನ ವರ್ಷಕ್ಕೂ ಉಳಿಸಿಕೊಳ್ಳಬಹುದು. ನನ್ನ ಒಬ್ಬ ಪಿಚರ್‌ನ ಇಆರ್‌ಎ 2.60 ಇದೆ, ಆದರೆ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗಳಿಂದ ಬ್ಯಾಟರನ್ನು ಔಟ್ ಮಾಡುವುದು) ಪ್ರಮಾಣ ಕಳೆದ ವರ್ಷದ ಶೇ 27ರಿಂದ ಶೇ 20ಕ್ಕೆ ಇಳಿದಿದೆ. ಒಬ್ಬ ಬ್ಯಾಟರ್‌ನ ಸರಾಸರಿ .280ರಿಂದ .260ಕ್ಕೆ ಕುಸಿದಿದೆ. ಪಿಚರನ್ನು ಉಳಿಸಿ ಬ್ಯಾಟರನ್ನು ಬಿಡಲೇ?

ಉತ್ತರ: ನಾನಾಗಿದ್ದರೆ ತಿರುಗಾಮುರುಗಾ ಮಾಡುತ್ತಿದ್ದೆ. ಮೊದಲು ಬ್ಯಾಟರ್ ವಿಷಯ. ಜುಲೈ ವೇಳೆಗೆ ಅವನು ಸುಮಾರು 300 ಬಾರಿ ಬ್ಯಾಟ್ ಮಾಡಿರುತ್ತಾನೆ ಎಂದುಕೊಂಡರೆ, .280 ಎಂದರೆ 84 ಹಿಟ್ (ಬೇಸ್ ಸೇರಿಸಿದ ಹೊಡೆತ), .260 ಎಂದರೆ 78 ಹಿಟ್. ನೀವು ಕುಸಿತ ಎನ್ನುತ್ತಿರುವುದು ನಾಲ್ಕು ತಿಂಗಳಲ್ಲಿ ಆರು ಹಿಟ್‌ಗಳ ವ್ಯತ್ಯಾಸ. ಫೀಲ್ಡರ್‌ನ ಕೈಗೇ ನೇರವಾಗಿ ಹೋದ ಆರು ಬಿರುಸಿನ ಹೊಡೆತಗಳು ಸಾಕು ಅಷ್ಟಕ್ಕೆ. ಅವನ ಹೊಡೆತದ ವೇಗ, ಪಡೆಯುವ ವಾಕ್‌ಗಳು (ನಾಲ್ಕು ಕೆಟ್ಟ ಎಸೆತಗಳಿಗೆ ಸಿಗುವ ಬೇಸ್), ಸ್ಟ್ರೈಕ್‌ಔಟ್ ಆಗುವ ಪ್ರಮಾಣ ಇವು ಹಿಂದಿನಂತೆಯೇ ಇದ್ದರೆ, ಸರಾಸರಿ ಇಳಿದ ಈ ಹೊತ್ತಿನಲ್ಲಿ ಅವನನ್ನು ಬಿಡುವುದೆಂದರೆ ಕಡಿಮೆ ಬೆಲೆಗೆ ಕೊಟ್ಟಂತೆ. ವಯಸ್ಸು 34 ದಾಟಿ ಹೊಡೆತದ ವೇಗವೂ ತಗ್ಗಿದ್ದರೆ ಮಾತ್ರ ಬೇರೆ ಮಾತು.

ಪಿಚರ್ ವಿಷಯ ಹಾಗಲ್ಲ. ಇಆರ್‌ಎ ಎಂದರೆ ಒಂಬತ್ತು ಇನ್ನಿಂಗ್ಸ್‌ಗೆ ಅವನ ಹೊಣೆಯಲ್ಲಿ ಬಿಟ್ಟುಕೊಟ್ಟ ಸರಾಸರಿ ರನ್. ಅದರಲ್ಲಿ ಫೀಲ್ಡರ್‌ಗಳ ಚುರುಕು, ಅದೃಷ್ಟ, ಯಾವ ಕ್ರಮದಲ್ಲಿ ಹಿಟ್‌ಗಳು ಬಂದವು ಎಂಬುದೆಲ್ಲ ಬೆರೆತಿರುತ್ತದೆ. ಸ್ಟ್ರೈಕ್‌ಔಟ್ ಪ್ರಮಾಣದಲ್ಲಿ ಬೆರಕೆ ಕಡಿಮೆ, ಕೆಲವೇ ವಾರಗಳಲ್ಲಿ ಅದು ನಂಬುವ ಮಟ್ಟಕ್ಕೆ ಬರುತ್ತದೆ. ಆದ್ದರಿಂದ ಎರಡೂ ವಿರುದ್ಧ ದಿಕ್ಕಿನಲ್ಲಿ ಹೋದಾಗ ಸ್ಟ್ರೈಕ್‌ಔಟನ್ನೇ ನಂಬುವುದು ಮೇಲು. ಮೈದಾನದೊಳಗೆ ಬಿದ್ದ ಚೆಂಡುಗಳಲ್ಲಿ ಎಷ್ಟು ಹಿಟ್ ಆದವು ಎಂಬ ಅನುಪಾತವನ್ನು ನೋಡಿ, ಲೀಗ್‌ನ ಸರಾಸರಿ .290ರಿಂದ .300ರ ನಡುವೆ ಇರುತ್ತದೆ. ನಿಮ್ಮ ಪಿಚರ್‌ದು .235 ಇದ್ದರೆ, ಬೇಸ್ ಸೇರಿದ ಎದುರಾಳಿಗಳಲ್ಲಿ ರನ್ ಗಳಿಸದೆ ಉಳಿದವರ ಪ್ರಮಾಣವೂ ಸಾಮಾನ್ಯವಾದ ಶೇ 70-75ಕ್ಕಿಂತ ಬಹಳ ಮೇಲಿದ್ದರೆ, 2.60 ಎಂಬ ಆ ಅಂದವಾದ ಸಂಖ್ಯೆ ಉಳಿಯುವುದಿಲ್ಲ. ಜೊತೆಗೆ ಫಾಸ್ಟ್‌ಬಾಲ್ ವೇಗ ಗಂಟೆಗೆ ಒಂದೂವರೆ ಮೈಲಿಯಷ್ಟು ಇಳಿದಿದ್ದರೆ ತಡಮಾಡಬೇಡಿ. ಅದು ಹಲವು ವೇಳೆ ಗಾಯದ ಮುನ್ಸೂಚನೆ.

ಪ್ರಶ್ನೆ: ಕೆಲವೇ ವಾರಗಳ ಉಪಯೋಗಕ್ಕೆ ಬರುವ ಹಿರಿಯನಿಗಾಗಿ ಹೆಸರೇ ಕೇಳಿರದ ಹುಡುಗನನ್ನು ಕೊಟ್ಟು ಆಮೇಲೆ ಪಶ್ಚಾತ್ತಾಪಪಟ್ಟ ತಂಡಗಳ ಕಥೆ ಬಹಳ ಕೇಳಿದ್ದೇವೆ. ಅಂತಹ ವಿನಿಮಯವೇ ಮೂರ್ಖತನವಲ್ಲವೇ?

ಉತ್ತರ: ಎಲ್ಲ ಬಾರಿಯೂ ಅಲ್ಲ. 1987ರ ಆಗಸ್ಟ್‌ನಲ್ಲಿ ಡೆಟ್ರಾಯಿಟ್ ಟೈಗರ್ಸ್ ಅಟ್ಲಾಂಟಾದಿಂದ 36 ವರ್ಷದ ಡಾಯ್ಲ್ ಅಲೆಕ್ಸಾಂಡರ್‌ನನ್ನು ತಂದು ಜಾನ್ ಸ್ಮೋಲ್ಟ್ಸ್ ಎಂಬ 20ರ ಹುಡುಗನನ್ನು ಕೊಟ್ಟಿತು. ಸ್ಮೋಲ್ಟ್ಸ್ ಮುಂದೆ 213 ಪಂದ್ಯ ಗೆದ್ದು, 154 ಸೇವ್ (ಕೊನೆಯಲ್ಲಿ ಎಸೆದು ಮುನ್ನಡೆ ಕಾಪಾಡಿದ ಪಂದ್ಯ) ಗಳಿಸಿ, 2015ರಲ್ಲಿ ಶ್ರೇಷ್ಠರ ಸಾಲಾದ ಹಾಲ್ ಆಫ್ ಫೇಮ್ ಸೇರಿದನು. ಈ ಕಥೆಯನ್ನು ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಅಲೆಕ್ಸಾಂಡರ್ ಆ ವರ್ಷ ಡೆಟ್ರಾಯಿಟ್ ಪರ ಒಂದೂ ಸೋಲಿಲ್ಲದೆ 9 ಪಂದ್ಯ ಗೆದ್ದನು, ಇಆರ್‌ಎ 1.53, ಟೈಗರ್ಸ್ ಕೊನೆಯ ವಾರದಲ್ಲಿ ಟೊರಾಂಟೊವನ್ನು ಹಿಂದಿಕ್ಕಿ ಡಿವಿಷನ್ ಗೆದ್ದಿತು. ಅವನಿಲ್ಲದೆ ಅದು ಸಾಧ್ಯವಿರಲಿಲ್ಲ. ಪ್ಲೇಆಫ್‌ನಲ್ಲಿ ಮಿನ್ನೆಸೋಟ ವಿರುದ್ಧ ಅವನು ಎರಡೂ ಪಂದ್ಯ ಸೋತದ್ದು ನಿಜ, ಆದರೆ ಕೇಳಿದ ಕೆಲಸವನ್ನು ಅವನು ಮಾಡಿಕೊಟ್ಟಿದ್ದನು.

1990ರ ಬಾಸ್ಟನ್ ರೆಡ್ ಸಾಕ್ಸ್ ವ್ಯವಹಾರಕ್ಕೆ ಮಾತ್ರ ಇಷ್ಟು ಔದಾರ್ಯ ತೋರಲಾರೆ. ಆಗಸ್ಟ್ 30ರಂದು, ಋತು ಮುಗಿಯಲು ಒಂದು ತಿಂಗಳು ಉಳಿದಿರುವಾಗ, ರಿಲೀಫ್ ಪಿಚರ್ (ಪಂದ್ಯದ ನಡುವೆ ಬದಲಿಯಾಗಿ ಬಂದು ಎಸೆಯುವವನು) ಲ್ಯಾರಿ ಆಂಡರ್ಸನ್‌ಗಾಗಿ ಜೆಫ್ ಬ್ಯಾಗ್ವೆಲ್‌ನನ್ನು ಹ್ಯೂಸ್ಟನ್‌ಗೆ ಕೊಟ್ಟರು. ಆಂಡರ್ಸನ್ ಚೆನ್ನಾಗಿಯೇ ಆಡಿದನು, ಆದರೆ ಆಡಿದ್ದು 22 ಇನ್ನಿಂಗ್ಸ್. ಬ್ಯಾಗ್ವೆಲ್ 449 ಹೋಮ್ ರನ್ ಬಾರಿಸಿ ಅವನೂ ಹಾಲ್ ಆಫ್ ಫೇಮ್ ಸೇರಿದನು. ಪ್ರತಿದಿನ ಆಡುವ ಬ್ಯಾಟರನ್ನು ವಾರಕ್ಕೆ ಮೂರ್ನಾಲ್ಕು ಇನ್ನಿಂಗ್ಸ್ ಎಸೆಯುವವನಿಗೆ ಕೊಡುವಾಗ ತಕ್ಕಡಿ ಮೊದಲೇ ಒಂದು ಕಡೆ ವಾಲಿರುತ್ತದೆ. ಹಾಗಾಗಿಯೇ ಸೋಲುತ್ತಿರುವ ತಂಡ ಮೊದಲು ಬಿಡಬೇಕಾದದ್ದು ತನ್ನ ಒಳ್ಳೆಯ ರಿಲೀಫ್ ಪಿಚರ್‌ನನ್ನು: ಅವನು ಕಾಪಾಡಬೇಕಾದ ಮುನ್ನಡೆಗಳೇ ಆ ತಂಡಕ್ಕೆ ಕಡಿಮೆ, ಅಂತಹ ಪಿಚರ್‌ಗಳ ಆಟವೂ ವರ್ಷದಿಂದ ವರ್ಷಕ್ಕೆ ಏರುಪೇರಾಗುತ್ತದೆ, ಜುಲೈನಲ್ಲಿ ಬೇಡಿಕೆಯೋ ಅತಿ ಹೆಚ್ಚು.

ಕೊಳ್ಳುವ ಕಡೆಯಿಂದ ನೋಡಿದರೆ 2016ರ ಚಿಕಾಗೊ ಕಬ್ಸ್ ಇದೆ. ಆರೊಲ್ಡಿಸ್ ಚಾಪ್‌ಮನ್ ಮೂರು ತಿಂಗಳಿಗಷ್ಟೇ ದೊರೆಯುತ್ತಾನೆಂದು ತಿಳಿದೂ ನ್ಯೂಯಾರ್ಕ್ ಯಾಂಕೀಸ್‌ಗೆ ಗ್ಲೇಬರ್ ಟೊರೆಸ್‌ನ ಜೊತೆ ಇನ್ನೂ ಮೂವರನ್ನು ಕೊಟ್ಟರು. ಟೊರೆಸ್ ಎರಡು ವರ್ಷಗಳಲ್ಲಿ ಆಲ್‌ಸ್ಟಾರ್ ಆದನು. ಚಾಪ್‌ಮನ್ ಆ ಡಿಸೆಂಬರ್‌ನಲ್ಲೇ ಯಾಂಕೀಸ್‌ಗೆ ಮರಳಿದನು. ಕಾಗದದ ಲೆಕ್ಕದಲ್ಲಿ ಕಬ್ಸ್‌ಗೆ ನಷ್ಟ. ಆದರೆ 1908ರ ನಂತರದ ಮೊದಲ ವರ್ಲ್ಡ್ ಸೀರೀಸ್ ಆ ವರ್ಷ ಬಂತು, ಮತ್ತು ಲೀಗ್‌ನಲ್ಲೇ ಅತಿ ಹೆಚ್ಚು ಪಂದ್ಯ ಗೆದ್ದ ತಂಡವೊಂದು ಆಗ ಪಣ ಕಟ್ಟದಿದ್ದರೆ ಇನ್ನು ಯಾವಾಗ ಕಟ್ಟೀತು?

ಪ್ರಶ್ನೆ: ಇದರಲ್ಲಿ ಆಟಗಾರನ ಒಪ್ಪಿಗೆ ಬೇಡವೇ? ಹಣ ಕೊಟ್ಟೇ ಕೊಳ್ಳಬಹುದಲ್ಲ?

ಉತ್ತರ: ಬಹುಪಾಲು ಆಟಗಾರರ ಒಪ್ಪಿಗೆ ಕೇಳುವುದಿಲ್ಲ. ಹತ್ತು ವರ್ಷ ಸೇವೆ ಮುಗಿಸಿ, ಅದರಲ್ಲಿ ಕೊನೆಯ ಐದನ್ನು ಒಂದೇ ತಂಡದಲ್ಲಿ ಕಳೆದವನು ಮತ್ತು ಒಪ್ಪಂದದಲ್ಲೇ ವಿನಿಮಯ ನಿರಾಕರಣೆಯ ಷರತ್ತು ಬರೆಸಿಕೊಂಡವನು ಬೇಡವೆನ್ನಬಹುದು. ಹಣ ಕೈ ಬದಲಾಗುವುದುಂಟು, ಆದರೆ ಮುಖ್ಯ ಆಟಗಾರರ ಮಟ್ಟದಲ್ಲಿ ಆಟಗಾರನಿಗೆ ಆಟಗಾರನೇ ಬೆಲೆ. ಡ್ರಾಫ್ಟ್ ಆಯ್ಕೆಗಳನ್ನು, ಚಿಕ್ಕ ಮಾರುಕಟ್ಟೆಯ ತಂಡಗಳಿಗೆ ಕೊಡುವ ಕೆಲವು ವಿಶೇಷ ಆಯ್ಕೆಗಳ ಹೊರತು, ವಿನಿಮಯ ಮಾಡುವಂತಿಲ್ಲ.

ಪ್ರಶ್ನೆ: ಗಡುವು ಮುಗಿದ ಮೇಲೆ ಗಾಯವಾದರೆ ತಂಡ ಏನು ಮಾಡಬಹುದು?

ಉತ್ತರ: ಹಿಂದೆ ಆಗಸ್ಟ್‌ನಲ್ಲಿಯೂ ವೇವರ್ ಮೂಲಕ ವಿನಿಮಯಕ್ಕೆ ಅವಕಾಶವಿತ್ತು, 2017ರ ಆಗಸ್ಟ್ 31ರ ರಾತ್ರಿ ಜಸ್ಟಿನ್ ವರ್ಲ್ಯಾಂಡರ್ ಹ್ಯೂಸ್ಟನ್ ಸೇರಿದ್ದು ಹಾಗೆಯೇ. 2019ರಿಂದ ಆ ದಾರಿ ಮುಚ್ಚಿದೆ. ಈಗ ಉಳಿದಿರುವುದು ಮೈನರ್ ಲೀಗ್‌ನಿಂದ (ಕಿರಿಯರು ಆಡುವ ಕೆಳಹಂತದ ತಂಡಗಳಿಂದ) ಕರೆಸಿಕೊಳ್ಳುವುದು, ಯಾವುದೇ ತಂಡದಲ್ಲಿಲ್ಲದವರ ಜೊತೆ ಒಪ್ಪಂದ ಮಾಡಿಕೊಳ್ಳುವುದು, ಇಲ್ಲವೇ ಬೇರೆಯವರು ವೇವರ್ ಪಟ್ಟಿಗೆ ಹಾಕಿದವರನ್ನು ಎತ್ತಿಕೊಳ್ಳುವುದು. ಹೀಗೆ ಬಂದವನು ಪ್ಲೇಆಫ್‌ನಲ್ಲಿ ಆಡಬೇಕಾದರೆ ಆಗಸ್ಟ್ 31ರ ಒಳಗೆ ತಂಡದ ಸಂಸ್ಥೆಗೆ ಸೇರಿರಬೇಕು. ಆದ್ದರಿಂದ ಗಡುವಿಗೆ ಮುನ್ನ ಹೆಚ್ಚುವರಿ ಪಿಚರ್ ಒಬ್ಬನನ್ನು ಬಿಟ್ಟುಕೊಡುವ ತಂಡ, ಮೈನರ್ ಲೀಗ್‌ನಲ್ಲಿ ಅವನ ಜಾಗಕ್ಕೆ ಯಾರಿದ್ದಾರೆ ಎಂಬುದನ್ನು ಅದಕ್ಕೂ ಮೊದಲೇ ನೋಡಿಟ್ಟುಕೊಂಡಿರಬೇಕಾಗುತ್ತದೆ.